ಬಾವಿಗೆ ಪುಡಿ, ಗೋಡೆಗೆ ಡಿಡಿಟಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳೆಲ್ಲ ಕಾಸರಗೋಡು ಕಡೆಯವು. ಹೆಚ್ಚಿನವರು ಕೇಳಿರುವುದು ಹಳೆಯ ಕಾಲದ, ಅಂದರೆ 1940ರಿಂದ 60ರ ನಡುವೆ ಹೆಲ್ತ್ ಇನ್‌ಸ್ಪೆಕ್ಟರರು ಮನೆಮನೆಗೆ ಬಂದು ಮಾಡಿಸುತ್ತಿದ್ದ ಕೆಲಸಗಳ ಬಗ್ಗೆ. ಅವು ಇಂದಿಗೂ ಲಾಯಕ್ಕೇ ಎಂಬುದು ಎಲ್ಲರ ಸಂಶಯ. ಅಂದಿನ ನಿಯಮ ಇಡೀ ಮದ್ರಾಸ್ ಪ್ರಾಂತಕ್ಕೆ ಒಂದೇ ಆಗಿತ್ತು. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ ಹೊಯ್ಯುವ, ಒಂದು ಮೊಳ ಅಗೆದರೆ ಮುರಕಲ್ಲು (ಜಂಬಿಟ್ಟಿಗೆ) ಸಿಗುವ ನಮ್ಮ ನೆಲಕ್ಕೆ ಅದನ್ನು ಹಾಗೆಹಾಗೇ ಹಚ್ಚಲಾಗದು. ಉತ್ತರಗಳನ್ನು ಆ ಲೆಕ್ಕದಲ್ಲೇ ಓದಬೇಕಾಗಿ ವಿನಂತಿ.

ವಾಂತಿಭೇದಿ ಬಂದ ವರ್ಷಗಳಲ್ಲಿ ನಮ್ಮ ಬಾವಿಗೆ ಕೆಂಪು ಪುಡಿ ಹಾಕಿ ನೀರನ್ನು ಗುಲಾಬಿ ಬಣ್ಣ ಮಾಡುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ಈಗಲೂ ಅಂಗಡಿಯಲ್ಲಿ ಸಿಗುತ್ತದೆ. ಹಾಕಬಹುದೇ? — ನೀರ್ಚಾಲು

ಬೇಡ. ಅದು ಪೊಟ್ಯಾಸಿಯಂ ಪರ್ಮಾಂಗನೇಟ್. ಆಗ್ರಾದಲ್ಲಿದ್ದ ಹ್ಯಾನ್‌ಕಿನ್ ಎಂಬ ವಿಜ್ಞಾನಿ 19ನೆಯ ಶತಮಾನದ ಕೊನೆಗೆ ಕಾಲರಾ ಬಾವಿಗಳಿಗೆ ಅದನ್ನು ಹಾಕಿಸುವ ಕ್ರಮ ತಂದರು, ಆಮೇಲೆ ದೇಶವಿಡೀ ಹಬ್ಬಿತು. ಕಾಲರಾ ರೋಗಾಣುವಿನ ಮೇಲೆ ಅದಕ್ಕೆ ಸ್ವಲ್ಪ ಹಿಡಿತ ಉಂಟು, ಉಳಿದ ರೋಗಾಣುಗಳ ಮಟ್ಟಿಗೆ ನೆಚ್ಚುವ ಹಾಗಿಲ್ಲ. ಬಾವಿಗೆ ಬಿದ್ದ ಎಲೆ, ಕೆಸರು, ಪಾಚಿಗಳೇ ಅದರ ಬಲವನ್ನು ತಿಂದು ಮುಗಿಸುತ್ತವೆ. ನೀರಿನ ಬಣ್ಣ, ರುಚಿ, ವಾಸನೆ ಮೂರೂ ಕೆಡುತ್ತವೆ. ಬಣ್ಣ ಕಾಣುವುದರಿಂದ ಜನರಿಗೆ ಧೈರ್ಯ ಬರುತ್ತಿತ್ತು. ಅದರ ದೊಡ್ಡ ಗುಣ ಅದೇ, ದೊಡ್ಡ ದೋಷವೂ ಅದೇ. ಬ್ಲೀಚಿಂಗ್ ಪೌಡರ್ ಬಂದ ಮೇಲೆ ಇದರ ಅಗತ್ಯ ಉಳಿಯಲಿಲ್ಲ.

ಬ್ಲೀಚಿಂಗ್ ಪೌಡರನ್ನು ಬಾವಿಗೆ ಎಷ್ಟು ಹಾಕಬೇಕು? ಒಬ್ಬರು ಒಂದು ಹಿಡಿ ಎನ್ನುತ್ತಾರೆ, ಇನ್ನೊಬ್ಬರು ಒಂದು ಗರಟೆ. ಹಿಂದೆ ಇನ್‌ಸ್ಪೆಕ್ಟರರು ಬಿಳಿ ಬಟ್ಟಲುಗಳ ಪೆಟ್ಟಿಗೆ ತಂದು ಏನೋ ಪರೀಕ್ಷೆ ಮಾಡುತ್ತಿದ್ದರಂತೆ, ಅದೇನು? — ಕುಂಬಳೆ

ಹಿಡಿಯ ಲೆಕ್ಕವೂ ಬೇಡ, ಗರಟೆಯ ಲೆಕ್ಕವೂ ಬೇಡ. ಮೊದಲು ಬಾವಿಯಲ್ಲಿ ಇವತ್ತು ಎಷ್ಟು ನೀರಿದೆ ಎಂದು ಅಳೆಯಿರಿ. ಬಳ್ಳಿಗೆ ಕಲ್ಲು ಕಟ್ಟಿ ತಳ ಮುಟ್ಟಿಸಿ, ಮೇಲೆತ್ತಿ ಒದ್ದೆಯಾದ ಭಾಗ ಅಳೆದರೆ ನೀರಿನ ಆಳ ಸಿಕ್ಕಿತು. ಅಂದಿನವರ ಲೆಕ್ಕ ಅಡಿಯಲ್ಲಿ: ಬಾವಿಯ ಅಡ್ಡಗಲವನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 5ರಿಂದ ಗುಣಿಸಿದರೆ ಹೆಚ್ಚು ಕಡಿಮೆ ಗ್ಯಾಲನ್ ಬರುತ್ತದೆ. ಮೀಟರಿನಲ್ಲಿ ಅಳೆದರೆ ಕೊನೆಗೆ 5ರ ಬದಲು 785ರಿಂದ ಗುಣಿಸಿ, ಲೀಟರ್ ಬರುತ್ತದೆ.

8 ಅಡಿ ಅಗಲದ ಬಾವಿಯಲ್ಲಿ 10 ಅಡಿ ನೀರಿದ್ದರೆ 8×8×10×5, ಅಂದರೆ 3,200 ಗ್ಯಾಲನ್, ಸುಮಾರು 14,500 ಲೀಟರ್. ಅದೇ ಬಾವಿಯಲ್ಲಿ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) 25 ಅಡಿ ನೀರು ನಿಂತರೆ 8,000 ಗ್ಯಾಲನ್. ಬೇಸಿಗೆಯಲ್ಲಿ ಹಾಕಿದಷ್ಟೇ ಪುಡಿಯನ್ನು ಮಳೆಗಾಲದಲ್ಲೂ ಹಾಕಿದರೆ ಬಾವಿಗೆ ಬಿದ್ದದ್ದು ಅರ್ಧಕ್ಕಿಂತ ಕಡಿಮೆ ಎಂದಾಯಿತು. ನಮ್ಮ ಕಡೆ ಹೆಚ್ಚಾಗಿ ಆಗುವ ತಪ್ಪು ಇದೇ.

ಇನ್ನು ಆ ಪೆಟ್ಟಿಗೆ. ಬ್ರಿಟಿಷ್ ಸೈನ್ಯದ ವೈದ್ಯಾಧಿಕಾರಿಯಾಗಿದ್ದ ಹೊರಾಕ್ಸ್ ರೂಪಿಸಿದ್ದು, ಹಾಗಾಗಿ ಹೊರಾಕ್ಸ್ ಪೆಟ್ಟಿಗೆ ಎಂದೇ ಹೆಸರು. ಒಳಗೆ 200 ಮಿ.ಲೀ. ಹಿಡಿಯುವ ಆರು ಬಿಳಿ ಬಟ್ಟಲು, ಒಳಬದಿಯಲ್ಲಿ ಸುತ್ತ ಗೆರೆ ಇರುವ ಒಂದು ಕಪ್ಪು ಬಟ್ಟಲು, ತಲೆ ಸವರಿ ತುಂಬಿದರೆ ಸರಿಯಾಗಿ 2 ಗ್ರಾಂ ಪುಡಿ ಹಿಡಿಯುವ ಎರಡು ಚಮಚ, ಏಳು ಗಾಜಿನ ಕಡ್ಡಿ, ಹನಿ ಬೀಳಿಸುವ ಪಿಪೆಟ್, ಒಂದು ಬಾಟಲಿ ಪಿಷ್ಟ-ಅಯೊಡೈಡ್ ದ್ರವ ಇರುತ್ತವೆ.

ಕಪ್ಪು ಬಟ್ಟಲಿಗೆ ಒಂದು ಚಮಚ ಪುಡಿ ಹಾಕಿ, ಸ್ವಲ್ಪ ನೀರು ಬಿಟ್ಟು ಅರೆದು ಹಿಟ್ಟಿನಂತೆ ಮಾಡಿ, ಗೆರೆಯವರೆಗೆ ನೀರು ತುಂಬಿ ಚೆನ್ನಾಗಿ ಕದಡಿ, ತಿಳಿಯಾಗಲು ಬಿಡಬೇಕು. ಬಿಳಿ ಬಟ್ಟಲುಗಳಿಗೆ ಬಾವಿಯ ನೀರನ್ನು ಅಂಚಿನಿಂದ ಒಂದು ಬೆರಳಿನಷ್ಟು ಕೆಳಗಿನವರೆಗೆ ತುಂಬಿ. ತಿಳಿಯನ್ನು ಮೊದಲನೆಯ ಬಟ್ಟಲಿಗೆ ಒಂದು ಹನಿ, ಎರಡನೆಯದಕ್ಕೆ ಎರಡು, ಹೀಗೆ ಆರನೆಯದಕ್ಕೆ ಆರು ಹನಿ ಹಾಕಿ ಬೇರೆ ಬೇರೆ ಕಡ್ಡಿಯಿಂದ ಕದಡಿ, ಅರ್ಧ ಗಂಟೆ ಮುಟ್ಟದೆ ಇಡಿ. ಆಮೇಲೆ ಪ್ರತಿ ಬಟ್ಟಲಿಗೆ ಮೂರು ಹನಿ ಪಿಷ್ಟದ ದ್ರವ. ನೀರಿನ ಕೊಳೆಯೆಲ್ಲ ಸುಟ್ಟು ಕ್ಲೋರಿನ್ ಇನ್ನೂ ಮಿಕ್ಕಿದ್ದರೆ ನೀಲಿ ಬರುತ್ತದೆ. ಮೊದಲು ಸ್ಪಷ್ಟ ನೀಲಿ ಬಂದದ್ದು ಎಷ್ಟನೆಯ ಬಟ್ಟಲೋ, 100 ಗ್ಯಾಲನ್ ಅಂದರೆ 455 ಲೀಟರ್ ನೀರಿಗೆ ಅಷ್ಟು ಚಮಚ ಪುಡಿ ಬೇಕು. ಮೂರನೆಯದಾದರೆ ಮೂರು ಚಮಚ, 6 ಗ್ರಾಂ.

ಮೇಲಿನ ಬಾವಿಗೇ ಹಚ್ಚಿ ನೋಡಿ. ಬೇಸಿಗೆಯ ತಿಳಿನೀರಿಗೆ ಮೊದಲ ಬಟ್ಟಲೇ ನೀಲಿಯಾದರೆ 32×2, ಅಂದರೆ 64 ಗ್ರಾಂ ಸಾಕು. ಆಟಿಯ ಕಲಕು ನೀರಿಗೆ ಮೂರನೆಯದು ನೀಲಿಯಾದರೆ 80×6, ಅಂದರೆ 480 ಗ್ರಾಂ. ಒಂದೇ ಬಾವಿ, ಒಂದೇ ಮನೆ, ಏಳೂವರೆ ಪಟ್ಟು ವ್ಯತ್ಯಾಸ.

ಈ ಪರೀಕ್ಷೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಜಾಣತನ ಉಂಟು. ಬಟ್ಟಲಿಗೆ ಹಾಕುವುದು ಬಾವಿಗೆ ಹಾಕಲಿರುವ ಅದೇ ಡಬ್ಬಿಯ ಪುಡಿ. ಹೊಸ ಪುಡಿಯಲ್ಲಿ ನೂರಕ್ಕೆ 33ರಷ್ಟು ಕ್ಲೋರಿನ್ ಇರುತ್ತದೆ. ನಮ್ಮ ಕರಾವಳಿಯ ತೇವದ ಗಾಳಿಗೆ ಡಬ್ಬಿ ತೆರೆದಿಟ್ಟರೆ ಅದು ಬೇಗ ಇಳಿಯುತ್ತದೆ. ಪುಡಿ ಸತ್ವಗೆಟ್ಟಿದ್ದರೆ ನೀಲಿ ಮುಂದಿನ ಬಟ್ಟಲಿಗೆ ಜಾರುತ್ತದೆ, ಲೆಕ್ಕ ತನ್ನಷ್ಟಕ್ಕೆ ಸರಿಹೋಗುತ್ತದೆ. ಆರರಲ್ಲಿ ಒಂದೂ ನೀಲಿಯಾಗದಿದ್ದರೆ ಪುಡಿ ಹಾಳಾಗಿದೆ ಇಲ್ಲವೇ ನೀರು ಬಹಳ ಕೆಟ್ಟಿದೆ. ಹೊಸ ಪುಡಿಯಿಂದ ಮತ್ತೊಮ್ಮೆ ನೋಡಿದರೆ ಯಾವುದೆಂದು ತಿಳಿಯುತ್ತದೆ.

ಪೆಟ್ಟಿಗೆ ಸಿಗದವರಿಗೆ: ತಿಳಿಯಾದ ನೀರಾದರೆ 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಪುಡಿ ಎಂಬುದು ರೂಢಿಯ ಲೆಕ್ಕ. ಮಳೆಗಾಲಕ್ಕೆ, ರೋಗ ಹಬ್ಬಿದಾಗ ಇದು ಸಾಲದು.

ಪುಡಿಯನ್ನು ಹಾಗೇ ಬಾವಿಗೆ ಎರಚಬೇಡಿ. ಪುಡಿಯ ಸುಣ್ಣ ತಳಕ್ಕೆ ಹೋಗಿ ಕೂರುತ್ತದೆ, ನೀರು ಗಡಸಾಗುತ್ತದೆ. ಒಂದು ಪ್ಲಾಸ್ಟಿಕ್ ಬಾಲ್ದಿಗೆ 100 ಗ್ರಾಂ ಮೀರದಂತೆ ಹಾಕಿ, ಅರೆದು, ಮುಕ್ಕಾಲು ಬಾಲ್ದಿ ನೀರು ಸೇರಿಸಿ ಕದಡಿ, ಹತ್ತು ನಿಮಿಷ ಬಿಡಿ. ಮೇಲಿನ ತಿಳಿಯನ್ನು ಇನ್ನೊಂದು ಬಾಲ್ದಿಗೆ ಬಗ್ಗಿಸಿ, ಉಳಿದ ಸುಣ್ಣ ಚೆಲ್ಲಿ. ತಿಳಿ ತುಂಬಿದ ಬಾಲ್ದಿಯನ್ನು ನೀರಿನೊಳಗೆ ಇಳಿಸಿ, ಬಳ್ಳಿಯನ್ನು ಮೇಲೆ ಕೆಳಗೆ, ಆಚೆ ಈಚೆ ಆಡಿಸಿ. ಕನಿಷ್ಠ ಒಂದು ಗಂಟೆ ನೀರು ಸೇದಬಾರದು. ರಾತ್ರಿ ಊಟದ ಪಾತ್ರೆ ತೊಳೆದಾದ ಮೇಲೆ ಹಾಕುವುದು ಎಲ್ಲಕ್ಕಿಂತ ಅನುಕೂಲ. ಗಂಟೆ ಕಳೆದ ಮೇಲೆ ಲೀಟರಿಗೆ 0.5 ಮಿ.ಗ್ರಾಂ ಕ್ಲೋರಿನ್ ಉಳಿದಿದ್ದರೆ ಕೆಲಸ ಆಗಿದೆ. ಅಂದು ಇದನ್ನು ನೋಡುತ್ತಿದ್ದದ್ದು ಆರ್ಥೊಟಾಲಿಡಿನ್ ಹಾಕಿ, ಹಳದಿ ಬರುತ್ತಿತ್ತು. ಕಬ್ಬಿಣದ ಅಂಶವಿರುವ ನೀರಿನಲ್ಲಿ ಅದು ಸುಳ್ಳು ಹಳದಿ ತೋರಿಸುವುದುಂಟು, ಆ ರಾಸಾಯನಿಕ ಮೈಗೂ ಒಳ್ಳೆಯದಲ್ಲ. ಈಗ ಡಿಪಿಡಿ ಮಾತ್ರೆ ಬಂದಿದೆ, ಗುಲಾಬಿ ಬಣ್ಣ ಬರುತ್ತದೆ.

ನಮ್ಮ ಮುರಕಲ್ಲಿನ ಬಾವಿಗಳಿಗೆ ಎರಡು ಮಾತು ಹೆಚ್ಚಿಗೆ. ಈ ನೀರು ಸಾಮಾನ್ಯವಾಗಿ ಸ್ವಲ್ಪ ಆಮ್ಲದ ಕಡೆಗಿರುತ್ತದೆ, ಅಂಥ ನೀರಿನಲ್ಲಿ ಕ್ಲೋರಿನ್ ಹೆಚ್ಚು ಚುರುಕು. ಅದು ಲಾಭ. ಕರಗಿದ ಕಬ್ಬಿಣ ಇದ್ದರೆ ಮಾತ್ರ ಒಂದಷ್ಟು ಕ್ಲೋರಿನ್ ಅದಕ್ಕೇ ಖರ್ಚಾಗಿ, ಮರುದಿನ ಕೊಡಪಾನದ ತಳದಲ್ಲಿ ಕೆಂಪು ಗಸಿ ಕಾಣುತ್ತದೆ. ಹೆದರಬೇಕಾಗಿಲ್ಲ, ಸೋಸಿದರಾಯಿತು.

ದಿನಾ ಹಾಕುವುದು ನಮ್ಮಿಂದಾಗದು. ಒಮ್ಮೆ ಹಾಕಿದರೆ ಕೆಲವು ವಾರ ನಡೆಯುವ ಉಪಾಯ ಇದೆಯೇ? — ಮುಳ್ಳೇರಿಯ

ಇದೆ. ನಾಗಪುರದ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯವರು ರೂಪಿಸಿದ ಜೋಡಿ ಮಡಕೆಯ ಕ್ರಮ. ಹೊರಗಿನ ಮಡಕೆ 30 ಸೆಂ.ಮೀ. ಎತ್ತರ, 25 ಸೆಂ.ಮೀ. ಅಗಲ, ಅದರೊಳಗೆ ಹಿಡಿಯುವ ಇನ್ನೊಂದು ಮಡಕೆ. ಎರಡಕ್ಕೂ 1 ಸೆಂ.ಮೀ. ತೂತು: ಒಳಗಿನದಕ್ಕೆ ಕಂಠದ ಹತ್ತಿರ, ಹೊರಗಿನದಕ್ಕೆ ತಳದಿಂದ 4 ಸೆಂ.ಮೀ. ಮೇಲೆ. 1 ಕಿಲೋ ಬ್ಲೀಚಿಂಗ್ ಪೌಡರಿಗೆ 2 ಕಿಲೋ ದಪ್ಪ ಹೊಯಿಗೆ (ಮರಳು) ಸೇರಿಸಿ, ತುಸು ನೀರು ಚಿಮುಕಿಸಿ, ಒಳಮಡಕೆಗೆ ತೂತಿಗಿಂತ 3 ಸೆಂ.ಮೀ. ಕೆಳಗಿನವರೆಗೆ ತುಂಬಿ. ಹೊರಮಡಕೆಯ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ನೀರಿನ ಮಟ್ಟದಿಂದ ಒಂದು ಮೀಟರ್ ಕೆಳಗೆ ಇಳಿಬಿಡಿ. 4,500 ಲೀಟರ್ ನೀರಿದ್ದು ದಿನಕ್ಕೆ ನಾಲ್ಕುನೂರು ಲೀಟರ್ ಸೇದುವ ಬಾವಿಗೆ ಎರಡು ಮೂರು ವಾರ ಬರುತ್ತದೆ. ತುಂಬಿ ನಿಂತ ಮಳೆಗಾಲದ ಬಾವಿಗೆ ಒಂದು ಜೋಡಿ ಸಾಲದು. ಹೊಯಿಗೆ ನಯವಾದರೆ ಗಟ್ಟಿಕಟ್ಟಿ ಕ್ಲೋರಿನ್ ಹೊರಗೇ ಬರುವುದಿಲ್ಲ, ಅದೊಂದು ಎಚ್ಚರ.

ಪುಡಿ ಹಾಕಿದ ಮರುದಿನ ಬಾವಿಯಲ್ಲಿ ಬಿಟ್ಟಿದ್ದ ಗಪ್ಪಿ ಮೀನು ಸತ್ತು ತೇಲಿದವು. — ಕುಂಬಳೆ

ಸಾಯುತ್ತವೆ. ಸೊಳ್ಳೆಮರಿ ತಿನ್ನಲು ಮೀನು, ರೋಗಾಣು ಕೊಲ್ಲಲು ಕ್ಲೋರಿನ್, ಎರಡೂ ಒಂದೇ ಬಾವಿಯಲ್ಲಿ ಹೊಂದವು. ಕುಡಿಯುವ ನೀರಿನ ಬಾವಿಗೆ ಬಲೆ ಮುಚ್ಚಿ ಕ್ಲೋರಿನ್ ಹಾಕಿ. ತೋಟದ ಕೆರೆಗೆ, ಬಳಸದ ಬಾವಿಗೆ ಮೀನು ಬಿಡಿ.

ನೀರಿಗೆಂದು ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಬೆಟ್ಟದೊಳಗಿನಿಂದ ಬರುವುದು, ಅದಕ್ಕೆ ಏನೂ ಹಾಕಬೇಕಾಗಿಲ್ಲ ಎನ್ನುತ್ತಾರೆ. ನಿಜವೇ? — ಬಾಯಾರು

ಒರತೆಯ ಬಾಯಲ್ಲಿ ಹೆಚ್ಚಾಗಿ ಶುದ್ಧವೇ ಇರುತ್ತದೆ. ಕೆಡುವುದು ಅಲ್ಲಿಂದ ಹೊರಗೆ ಬರುವ ದಾರಿಯಲ್ಲಿ. ಸುರಂಗದ ಒಳಗೆ ಬಾವಲಿ ಜೋತಿರುತ್ತದೆ, ನೆಲದ ಕಣಿಯಲ್ಲಿ ಹರಿಯುವ ನೀರಿಗೆ ಹಿಕ್ಕೆ ಬೀಳುತ್ತದೆ, ಹೊರಗಿನ ಮಣ್ಣಿನ ಟ್ಯಾಂಕಿಗೆ ಎಲೆ, ಕಪ್ಪೆ, ನಾಯಿ ಎಲ್ಲ ಸೇರುತ್ತವೆ. ಒರತೆಯ ಹತ್ತಿರವೇ ಸಣ್ಣ ಕಟ್ಟ ಕಟ್ಟಿ ಅಲ್ಲಿಂದ ಪೈಪಿನಲ್ಲಿ ತಂದರೆ ಅರ್ಧ ಕೆಲಸ ಮುಗಿಯಿತು. ಹಿಂದಿನವರು ಅಡಿಕೆ ಮರದ ದಂಬೆ ಇಟ್ಟು ನೀರು ತರುತ್ತಿದ್ದ ಕಡೆಗಳಲ್ಲಿ ಈ ವಿವೇಕ ಅರ್ಧ ಇತ್ತು, ಮೇಲೆ ಮುಚ್ಚಳ ಒಂದಿಲ್ಲ. ಹರಿಯುವ ನೀರಿಗೆ ಪುಡಿ ಹಾಕಿ ಪ್ರಯೋಜನವಿಲ್ಲ. ಮುಚ್ಚಿದ ಟ್ಯಾಂಕಿನಲ್ಲಿ ಹಿಡಿದು, ಒಳಹರಿವು ನಿಲ್ಲಿಸಿ, ಅದರ ಲೀಟರ್ ಲೆಕ್ಕಕ್ಕೆ ಹಾಕಿ ಒಂದು ಗಂಟೆ ಬಿಡಿ.

ಬಾವಿಗೂ ಕಕ್ಕಸಿನ ಗುಂಡಿಗೂ 50 ಅಡಿ ಇದ್ದರೆ ಸಾಕು ಎಂಬುದು ಹಳೆಯ ನಿಯಮ. ನಮ್ಮಲ್ಲಿ 55 ಅಡಿ ಇದೆ, ಆದರೂ ಮಳೆ ಜೋರಾದಾಗ ಬಾವಿ ನೀರು ವಾಸನೆ. ಪಂಚಾಯತಿನವರು ನಿಯಮ ಸರಿಯಿದೆ ಎಂದು ಹೋದರು. — ಬದಿಯಡ್ಕ

ನಿಯಮ ಸರಿ, ನೆಲ ಬೇರೆ. 50 ಅಡಿಯ ಲೆಕ್ಕ ನೀರು ಸಣ್ಣ ಕಣಗಳ ನಡುವೆ ನಿಧಾನ ಇಳಿಯುವ ಮಣ್ಣಿಗೆ ಸಲ್ಲುತ್ತದೆ. ಅಂಥ ಮಣ್ಣೇ ರೋಗಾಣುವನ್ನು ಸೋಸುತ್ತದೆ. ಮುರಕಲ್ಲಿನ ಒಂದು ತುಂಡನ್ನು ಕೈಯಲ್ಲಿ ಹಿಡಿದು ನೋಡಿ: ಬೆರಳು ತೂರುವಷ್ಟು ತೂತು, ಒಂದಕ್ಕೊಂದು ಕೂಡಿಕೊಂಡ ಕೊಳವೆಗಳು, ಒಳಗೆ ಅಲ್ಲಲ್ಲಿ ಬಿಳಿ ಜೇಡಿ. ಮೇಲಿನಿಂದ ಸುರಿದ ನೀರು ಆ ಕೊಳವೆಗಳಲ್ಲಿ ಓಡಿ, ಕೆಳಗಿನ ಜೇಡಿಯ ಪದರಕ್ಕೆ ತಡೆದು ಅಡ್ಡಕ್ಕೆ ಹರಿಯುತ್ತದೆ. ಬಿರುಕು, ಕೊಳವೆ ಇರುವ ಕಲ್ಲಿನಲ್ಲಿ ಯಾವ ದೂರವೂ ಖಾತರಿ ಅಲ್ಲ. ನಿಮ್ಮ ಗುಂಡಿ ಬಾವಿಗಿಂತ ಎತ್ತರದ ಬದಿಯಲ್ಲಿದ್ದರೆ 100 ಅಡಿಯೂ ಸಾಲದೆ ಹೋಗಬಹುದು.

ಜೊತೆಗೆ ಮಳೆಗಾಲದ ನೀರಿನ ಮಟ್ಟ. ಮಾರ್ಚಿನಲ್ಲಿ ಗುಂಡಿ ತೆಗೆಯುವಾಗ ತಳ ಒಣಗಿರುತ್ತದೆ, ಮೇಸ್ತ್ರಿಯೂ ಒಳ್ಳೆಯ ಜಾಗ ಎನ್ನುತ್ತಾನೆ. ಆಟಿಯಲ್ಲಿ ಅದೇ ಗುಂಡಿಯೊಳಗೆ ನೆಲದ ನೀರು ಏರಿ ನಿಲ್ಲುತ್ತದೆ. ಆಗ ಗುಂಡಿ, ಬಾವಿ ಎರಡೂ ಒಂದೇ ಕೆರೆಯ ಎರಡು ಬಾಯಿ. ಗುಂಡಿಯ ತಳ ಮಳೆಗಾಲದ ಅತಿ ಎತ್ತರದ ನೀರಿನ ಮಟ್ಟಕ್ಕಿಂತ 2 ಮೀಟರ್ ಮೇಲಿರಬೇಕು. ಜುಲೈಯಲ್ಲಿ ನಿಮ್ಮ ಬಾವಿಯ ನೀರು ನೆಲಮಟ್ಟದಿಂದ ಎಷ್ಟು ಕೆಳಗಿದೆ ಎಂದು ಅಳೆದು ಬರೆದಿಡಿ, ಗುಂಡಿಯ ಆಳ ಅದರ ಮೇಲೆ ನಿರ್ಧಾರವಾಗಲಿ.

ಅಂದು ಎರಡು ಬಗೆಯ ಕಕ್ಕಸು ಪ್ರಚಾರದಲ್ಲಿತ್ತು. 1930ರ ದಶಕದಲ್ಲಿ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದವರು ಕರುಳಿನ ಕೊಕ್ಕೆಹುಳು ತಡೆಗೆಂದು ತಂದ ಕೊರೆಗುಂಡಿ: 16 ಇಂಚು ಅಗಲ, 20 ಅಡಿ ಆಳ, ಕೈಕೊರೆಯುಳಿಯಿಂದ ಕೊರೆಯುವುದು. ಮೆದು ಮಣ್ಣಿನ ಊರಿಗೆ ಸರಿ, ಮುರಕಲ್ಲಿಗೆ ಆ ಉಳಿ ಇಳಿಯುವುದಿಲ್ಲ. ನಮ್ಮ ಕಡೆಗೆ ಹೊಂದಿದ್ದು ಆರ್‌ಸಿಎ (ರಿಸರ್ಚ್-ಕಂ-ಆಕ್ಷನ್) ಕಕ್ಕಸು, 1950ರ ದಶಕದ ಕೊನೆಗೆ ಕೇಂದ್ರ ಆರೋಗ್ಯ ಸಚಿವಾಲಯದ ಪ್ರಯೋಗಗಳಲ್ಲಿ ರೂಪುಗೊಂಡದ್ದು. 3 ಅಡಿ ಚೌಕದ ಸಿಮೆಂಟ್ ಹಾಸು, 17 ಇಂಚು ಉದ್ದದ ಬೇಸಿನ್, ಕೆಳಗೆ 3 ಇಂಚು ಕೊಳವೆಯ ಬಾಗು. ಆ ಬಾಗಿನಲ್ಲಿ ಮುಕ್ಕಾಲು ಇಂಚು ನೀರು ಸದಾ ನಿಂತಿರುತ್ತದೆ. ನೊಣ, ಸೊಳ್ಳೆ, ವಾಸನೆ ಮೂರಕ್ಕೂ ಆ ಮುಕ್ಕಾಲು ಇಂಚೇ ಮುಚ್ಚಿದ ಬಾಗಿಲು. ಒಂದೆರಡು ಲೀಟರ್ ನೀರಿಗೆ ಎಲ್ಲ ಹೋಗುತ್ತದೆ. 30 ಇಂಚು ಅಗಲ, 10ರಿಂದ 12 ಅಡಿ ಆಳದ ಗುಂಡಿ ಐದು ಜನರ ಮನೆಗೆ ಸುಮಾರು ಐದು ವರ್ಷ. ಹಳೆಯ ಮನೆಗಳಲ್ಲಿ ಇಂಥದು ಇದ್ದರೆ ಮೊದಲು ಆ ಬಾಗನ್ನು ನೋಡಿ. ಕಟ್ಟಿದ್ದನ್ನು ಬಿಡಿಸಲು ಯಾರೋ ಕಬ್ಬಿಣದ ಸಲಾಕೆ ಹಾಕಿ ಅದನ್ನು ಒಡೆದಿರುವುದು ಮಾಮೂಲು. ಬಾಗು ಒಡೆದರೆ ಅದು ಬರೇ ಗುಂಡಿ.

ನಿಮ್ಮ ಸಮಸ್ಯೆಗೆ ಈಗ ಏನು ಮಾಡಬೇಕು? ಗುಂಡಿಯೇ ಕಾರಣವೋ ಎಂದು ಖಚಿತ ಮಾಡಿಕೊಳ್ಳಿ. ಫ್ಲೋರೆಸೀನ್ ಎಂಬ ಹಸಿರು ಹೊಳೆಯುವ ಬಣ್ಣವನ್ನು ಗುಂಡಿಗೆ ಸುರಿದು ಕೆಲವು ದಿನ ಬಾವಿಯ ನೀರನ್ನು ಬಿಳಿ ಪಾತ್ರೆಯಲ್ಲಿ ನೋಡುವುದು ಹಳೆಯ ವಿಧಾನ. ಬಣ್ಣ ಬಂದರೆ ಸಂಬಂಧ ಇದೆ. ಬಾರದಿದ್ದರೆ ಇಲ್ಲ ಎಂದೇನೂ ಅಲ್ಲ, ಮಳೆ ಕಡಿಮೆಯಿದ್ದಿರಬಹುದು. ಜೊತೆಗೆ ನೀರು ಪರೀಕ್ಷೆಯ ಎಚ್‌2ಎಸ್ ಬಾಟಲಿಗೆ ಬಾವಿ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಡಿ. 24ರಿಂದ 48 ಗಂಟೆಯೊಳಗೆ ಕಪ್ಪಾದರೆ ಮಲದ ಸೋಂಕಿನ ಸಂಶಯ ಗಟ್ಟಿ, ಕುದಿಸದೆ ಕುಡಿಯಬೇಡಿ.

ಗುಂಡಿ ಹೊಸದು ತೆಗೆಯುವುದಾದರೆ ಬಾವಿಯ ತಗ್ಗಿನ ಬದಿಗೆ ತೆಗೆಯಿರಿ. ತಳಕ್ಕೆ ಜೇಡಿಮಣ್ಣು ಒತ್ತಿ ಮುಚ್ಚಿ, ಗುಂಡಿಯ ಕಟ್ಟಡದ ಸುತ್ತ 50 ಸೆಂ.ಮೀ. ದಪ್ಪಕ್ಕೆ ನಯವಾದ ಹೊಯಿಗೆ ತುಂಬಿಸಿ. ಮುರಕಲ್ಲಿಗೆ ಇಲ್ಲದ ಸೋಸುವ ಗುಣವನ್ನು ಈ ಹೊಯಿಗೆ ಕೊಡುತ್ತದೆ. ಖರ್ಚು ಹೆಚ್ಚೆಂದು ಮೇಸ್ತ್ರಿಗಳು ಇದನ್ನು ಬಿಡಿಸಲು ನೋಡುತ್ತಾರೆ, ಬಿಡಬೇಡಿ. ಬಾವಿಯ ಕಡೆಯಿಂದ: ಮೇಲಿನ 20 ಅಡಿಗೆ ನೀರು ಒಸರದ ಕಟ್ಟಣೆ, ಎರಡೂವರೆ ಅಡಿ ದಂಡೆ, ಸುತ್ತ 3 ಅಡಿ ಸಿಮೆಂಟ್ ಕಟ್ಟೆ, ಚೆಲ್ಲಿದ ನೀರು ದೂರ ಹೋಗಲು ಕಣಿ. ಕೆಂಪುಕಲ್ಲನ್ನು ಹಾಗೇ ಕಡಿದು ಬಿಟ್ಟ ಬಾವಿ ನೋಡಲು ಚಂದ. ಆರೋಗ್ಯಕ್ಕೆ ಆ ಚಂದ ಆಗದು.

ಮಳೆಗಾಲದಲ್ಲಿ ಬರಿಗಾಲಲ್ಲಿ ಅಡಿಕೆ ತೋಟಕ್ಕೆ ಹೋದರೆ ಬೆರಳ ಸಂದಿ ತುರಿಕೆ. ಹಿಂದೆ ಇದಕ್ಕೂ ರಕ್ತಹೀನತೆಗೂ ಸಂಬಂಧ ಹೇಳುತ್ತಿದ್ದರು. — ಪೆರ್ಲ

ತುರಿಕೆಯೆಲ್ಲ ಕೊಕ್ಕೆಹುಳುವಿನದಲ್ಲ, ಕೆಸರುಹುಣ್ಣೂ ಇರಬಹುದು. ಆದರೆ ಸಂಬಂಧ ನಿಜ. ಬಯಲಿಗೆ ಹೋದವರ ಮಲದಲ್ಲಿನ ಕೊಕ್ಕೆಹುಳುವಿನ ಮೊಟ್ಟೆ, ನೆರಳು ತೇವ ಬಿಸಿ ಮೂರೂ ಇರುವ ಮಣ್ಣಿನಲ್ಲಿ 5ರಿಂದ 10 ದಿನದೊಳಗೆ ಚರ್ಮ ಕೊರೆಯುವ ಮರಿಯಾಗುತ್ತದೆ. ಅಡಿಕೆ ತೋಟಕ್ಕಿಂತ ಒಳ್ಳೆಯ ಜಾಗ ಅದಕ್ಕೆ ಬೇಕೇ? ಒಳಹೊಕ್ಕ ಹುಳು ಕರುಳಿಗೆ ಕಚ್ಚಿ ರಕ್ತ ಹೀರುತ್ತದೆ. ಒಂದು ಜಾತಿ ದಿನಕ್ಕೆ 0.03 ಮಿ.ಲೀ., ಇನ್ನೊಂದು 0.2 ಮಿ.ಲೀ. ನೂರಾರು ಹುಳು ಇದ್ದರೆ ಲೆಕ್ಕ ನೀವೇ ಹಾಕಿ. ಆಗ ಕೊಡುತ್ತಿದ್ದ ಕಾರ್ಬನ್ ಟೆಟ್ರಾಕ್ಲೋರೈಡ್ ಯಕೃತ್ತಿಗೆ ವಿಷ. ಈಗಿನ ಅಲ್ಬೆಂಡಜೋಲ್ ಮಾತ್ರೆ ಹಾಗಲ್ಲ. ಮಲ ಪರೀಕ್ಷೆ ಮಾಡಿಸಿ, ಚಪ್ಪಲಿ ಹಾಕಿ.

ನಮ್ಮ ಹಳೆ ಮನೆಯ ಬಾಗಿಲ ಪಕ್ಕ ಮಾಸಿದ ಅಂಕಿಗಳಿವೆ. ಡಿಡಿಟಿಯವರು ಬರೆದದ್ದಂತೆ. ಡಿಡಿಟಿ ಹೊಡೆದ ಮೇಲೆ ಸುಣ್ಣ ಬಳಿಯಲು ಬಿಡುತ್ತಿರಲಿಲ್ಲ, ಏಕೆ? — ಅಡೂರು

ದೇಶದಲ್ಲಿ ಗೋಡೆಗೆ ಡಿಡಿಟಿ ಹೊಡೆಯುವ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ 1953ರಲ್ಲಿ ಶುರುವಾಗಿ 1958ರಲ್ಲಿ ನಿರ್ಮೂಲನ ಕಾರ್ಯಕ್ರಮವಾಯಿತು. ಆ ಅಂಕಿಗಳು ಯಾವ ಸುತ್ತು, ಯಾವ ತಾರೀಕು, ಎಷ್ಟು ಕೋಣೆಗೆ ಹೊಡೆದಿದೆ ಎಂಬುದರ ಗುರುತು. ನಿರ್ಮೂಲನದ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಜ್ವರ ಕೇಳಲು ಬರುವ ಕಾರ್ಯಕರ್ತರೂ ಗುರುತು ಹಾಕುತ್ತಿದ್ದರು.

ಡಿಡಿಟಿ ಹಾರುವ ಸೊಳ್ಳೆಗೆ ಹೊಡೆಯುವ ಮದ್ದಲ್ಲ. ರಕ್ತ ಕುಡಿದು ಮೈ ಭಾರವಾದ ಸೊಳ್ಳೆ ಗೋಡೆಯ ಮೇಲೆ ಕೂರುತ್ತದೆ, ಆಗ ಕಾಲಿಗೆ ಪುಡಿ ಅಂಟಬೇಕು. ಹಾಗಾಗಿ ಗೋಡೆಯ ಮೇಲೆ ಪುಡಿ ಉಳಿದಿರುವುದೇ ಎಲ್ಲದಕ್ಕೂ ಮೂಲ. ಪ್ರಮಾಣ ಚದರ ಮೀಟರಿಗೆ 1 ಗ್ರಾಂ. ನೂರಕ್ಕೆ 50ರ ಪುಡಿ 1 ಕಿಲೋವನ್ನು 10 ಲೀಟರ್ ನೀರಿಗೆ ಕದಡಿದರೆ 500 ಚದರ ಮೀಟರ್ ಗೋಡೆಗೆ ಸಾಕು. ಸ್ಟಿರಪ್ ಪಂಪು ಬಾಲ್ದಿಯೊಳಗೆ, ಒಬ್ಬ ಕಾಲಲ್ಲಿ ಮೆಟ್ಟಿ ಹಿಡಿದು ನಿಮಿಷಕ್ಕೆ 20–26 ಸಲ ಒತ್ತುವುದು, ಇನ್ನೊಬ್ಬ ನಳಿಗೆಯನ್ನು ಗೋಡೆಯಿಂದ 18 ಇಂಚು ದೂರ ಹಿಡಿದು 21 ಇಂಚು ಅಗಲದ ಪಟ್ಟೆಯಾಗಿ ಮೇಲಿಂದ ಕೆಳಗೆ ಹೊಡೆಯುವುದು. ಬಾಲ್ದಿಯನ್ನು ನಡುನಡುವೆ ಕದಡದಿದ್ದರೆ ಪುಡಿ ತಳಕ್ಕೆ ಕೂತು, ಒಂದು ಕೋಣೆಗೆ ಬರೇ ನೀರು, ಇನ್ನೊಂದಕ್ಕೆ ಬಿಳಿ ಕೆಸರು.

ಸುಣ್ಣ ಬಳಿದರೆ ಎರಡು ರೀತಿ ಕೇಡು. ಪುಡಿ ಮುಚ್ಚಿಹೋಗುತ್ತದೆ, ಸುಣ್ಣದ ಕ್ಷಾರಕ್ಕೆ ಡಿಡಿಟಿ ಒಡೆದು ನಿಷ್ಪ್ರಯೋಜಕವಾಗುತ್ತದೆ. ನಮ್ಮ ಕಡೆ ಇನ್ನೊಂದು ತೊಂದರೆ ಇತ್ತು, ಕೆಮ್ಮಣ್ಣಿನ ಗೋಡೆ. ಮಣ್ಣಿನ ಗೋಡೆ ಡಿಡಿಟಿಯನ್ನು ಒಳಗೆ ಹೀರಿಕೊಳ್ಳುತ್ತದೆ, ಕಬ್ಬಿಣದ ಅಂಶ ಹೆಚ್ಚಿದ್ದರೆ ಒಡೆಯುವುದೂ ಬೇಗ. ಮರದ ಹಲಗೆಯ ಮೇಲೆ ಹತ್ತು ಹನ್ನೆರಡು ವಾರ ನಿಲ್ಲುವ ಮದ್ದು ಕೆಂಪು ಮಣ್ಣಿನ ಗೋಡೆಯಲ್ಲಿ ಅಷ್ಟು ನಿಲ್ಲದು. ಹಬ್ಬಕ್ಕೆಂದು ಸೆಗಣಿ, ಮಣ್ಣು ಸಾರಿಸಿದರೆ ಅದೂ ಹೋಯಿತು. ಜನ ಬಾಗಿಲು ಹಾಕಿಕೊಂಡದ್ದಕ್ಕೆ ಬಿಳಿ ಕಲೆಯಷ್ಟೇ ಕಾರಣವಲ್ಲ. ಮೊದಲ ಸಲ ತಿಗಣೆ ಸತ್ತವು, ಎಲ್ಲರಿಗೂ ಖುಷಿ. ಆಮೇಲೆ ತಿಗಣೆ ಮದ್ದಿಗೆ ಒಗ್ಗಿದವು, ಜನ ಮದ್ದೇ ಸುಳ್ಳು ಎಂದರು.

ಈಗ ಡಿಡಿಟಿ ಮನೆಯಲ್ಲಿ ತಂದು ಹೊಡೆಯುವ ವಸ್ತುವಲ್ಲ. ಭಾರತದಲ್ಲಿ ಕೃಷಿಗೆ ಅದನ್ನು 1989ರಲ್ಲಿ ನಿಲ್ಲಿಸಲಾಯಿತು. ಇಂದಿನ ಡೆಂಗಿಯ ಸೊಳ್ಳೆ ಗೋಡೆಯನ್ನು ನೆಚ್ಚಿದ್ದೂ ಅಲ್ಲ, ಅಂಗಳದಲ್ಲಿ ಬಿದ್ದ ಅಡಿಕೆ ಹಾಳೆ, ಗರಟೆ, ರಬ್ಬರ್ ಮರದ ಚಿಪ್ಪಿನಲ್ಲಿ ನಿಂತ ನೀರನ್ನು ನೆಚ್ಚಿದ್ದು. ವಾರಕ್ಕೊಮ್ಮೆ ಕವುಚಿ ಹಾಕಿ.

ಅಜ್ಜಿಯ ತೋಳಿನಲ್ಲಿ ಸಿಡುಬಿನ ದಾಕು (ಲಸಿಕೆ) ಹಾಕಿದ ಕಲೆ ನಾಣ್ಯದಷ್ಟು ದೊಡ್ಡದು, ಅಮ್ಮನದು ಚಿಕ್ಕದು. ಏಕೆ ವ್ಯತ್ಯಾಸ? — ಮಂಜೇಶ್ವರ

ಸಲಕರಣೆ ಬದಲಾಯಿತು. ಅಜ್ಜಿಯ ಕಾಲದ್ದು ತಿರುಗಿಸುವ ಲಾನ್ಸೆಟ್: ಸುತ್ತ ಹಲ್ಲುಗಳಿರುವ ಸಣ್ಣ ಬಿಲ್ಲೆ, ಚರ್ಮದ ಮೇಲೆ ಲಸಿಕೆಯ ಹನಿ ಇಟ್ಟು ಅದರ ಮೇಲೆ ಒತ್ತಿ ತಿರುಗಿಸುವುದು. ಚರ್ಮ ಹರಿದು, ಕೀವಾಗಿ, ಕಲೆ ದೊಡ್ಡದು. ಆಮೇಲೆ ಬಂದದ್ದು ಎರಡು ಮೊನೆಯ ಸೂಜಿ. ಎರಡು ಮೊನೆಗಳ ನಡುವೆ ಲಸಿಕೆಯ ಹನಿ ಹಿಡಿದು ಒಂದೇ ಜಾಗಕ್ಕೆ 15 ಸಲ ಚುಚ್ಚುವುದು. ಲಸಿಕೆಯೂ ಬದಲಾಗಿತ್ತು. ಮದ್ರಾಸಿನ ಗಿಂಡಿಯ ಕಿಂಗ್ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ ದ್ರವ ಲಸಿಕೆ ಸೆಕೆಗೆ ಬೇಗ ಸಾಯುತ್ತಿತ್ತು, ದಾಕು ಹಾಕಿಯೂ ಏಳದಿರಲು ಅದೇ ಹೆಚ್ಚಿನ ಕಾರಣ. ನಂತರದ ಒಣಪುಡಿ ಲಸಿಕೆ 37 ಡಿಗ್ರಿಯಲ್ಲಿ ಒಂದು ತಿಂಗಳು ತಾಳುತ್ತಿತ್ತು. ಅದನ್ನು ಗಿಂಡಿಯಲ್ಲೂ ನಮ್ಮ ಬೆಳಗಾವಿಯಲ್ಲೂ ಮಾಡುತ್ತಿದ್ದರು. ಭಾರತದ ಕೊನೆಯ ಸಿಡುಬು 1975ರಲ್ಲಿ.

ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಆರೋಗ್ಯದ ಕಾನೂನು ಬದಲಾಯಿತೇ? — ಕಾಸರಗೋಡು ಪೇಟೆ

1956ರ ನವೆಂಬರ್ 1ರಂದು ರಾಜ್ಯ ಬದಲಾಯಿತು, ಕಾನೂನು ಬದಲಾಗಲಿಲ್ಲ. ನೀರು, ಚರಂಡಿ, ಕಕ್ಕಸು, ಸೊಳ್ಳೆ, ಅಂಟುರೋಗ, ಜಾತ್ರೆ ಎಲ್ಲಕ್ಕೂ ಅಧ್ಯಾಯಗಳಿದ್ದ 1939ರ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯಿದೆಯೇ ಮಲಬಾರಿನಲ್ಲೂ ಇಲ್ಲೂ ಮುಂದುವರಿಯಿತು. ತಿರುವಾಂಕೂರು-ಕೊಚ್ಚಿ ಕಡೆಗೆ 1955ರ ಬೇರೆ ಕಾಯಿದೆ. ಎರಡೂ ಹೋಗಿ ಇಡೀ ಕೇರಳಕ್ಕೆ ಒಂದೇ ಕಾಯಿದೆ ಬಂದದ್ದು 2023ರಲ್ಲಿ.

ಪೇಟೆಯ ಕಸ, ಮಲ ಸೇರಿಸಿ ಗೊಬ್ಬರ ಮಾಡುವ ಬೆಂಗಳೂರು ಪದ್ಧತಿ ಎಂದು ಓದಿದೆ. ನಮ್ಮಲ್ಲಿ ಏಕೆ ಹಿಡಿಯಲಿಲ್ಲ? — ಕಾಸರಗೋಡು ಪೇಟೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯರು 1939ರಲ್ಲಿ ರೂಪಿಸಿದ್ದು. 3 ಅಡಿ ಆಳದ ಕಣಿ, ತಳಕ್ಕೆ 6 ಇಂಚು ಕಸ, ಮೇಲೆ 2 ಇಂಚು ಮಲ, ಹೀಗೆ ಪದರ ಪದರವಾಗಿ ನೆಲಕ್ಕಿಂತ ಒಂದಡಿ ಮೇಲಿನವರೆಗೆ, ಕೊನೆಗೆ ದಪ್ಪ ಕಸ ಮತ್ತು ಮಣ್ಣು. ವಾರದೊಳಗೆ ಒಳಗೆ 60 ಡಿಗ್ರಿ ದಾಟಿ ಬಿಸಿಯೇರಿ ಎರಡು ಮೂರು ವಾರ ಹಾಗೇ ನಿಲ್ಲುತ್ತದೆ. ರೋಗಾಣು, ನೊಣದ ಮರಿ ಸಾಯುವುದು ಆ ಬಿಸಿಗೆ. 4ರಿಂದ 6 ತಿಂಗಳಿಗೆ ವಾಸನೆಯಿಲ್ಲದ ಗೊಬ್ಬರ.

ಯಾವ ಪೇಟೆ ಏಕೆ ಮಾಡಲಿಲ್ಲ ಎಂಬುದಕ್ಕೆ ಆಡಳಿತದ ಕಾರಣಗಳು ಹಲವು ಇರುತ್ತವೆ. ಮಳೆಯ ಕಾರಣ ಮಾತ್ರ ಸ್ಪಷ್ಟ. ಜೂನಿನಲ್ಲಿ ಇಲ್ಲಿ ಕಣಿ ತೆಗೆದರೆ ಅದು ತೋಡಾಗುತ್ತದೆ. ನೀರು ತುಂಬಿದ ಕಣಿ ಬಿಸಿಯೇರುವುದಿಲ್ಲ, ನಾರುತ್ತದೆ, ನೊಣ ಏಳುತ್ತದೆ. ಗುಡ್ಡೆಯ ಮೇಲೆ, ಮಾಡಿನ ಕೆಳಗೆ, ನೆಲದ ಮೇಲೆಯೇ ರಾಶಿ ಹಾಕಬೇಕಾಗುತ್ತದೆ. ಇನ್ನೊಂದು ಮಾತು: ಆ ಮಲವನ್ನು ಒಣ ಕಕ್ಕಸುಗಳಿಂದ ತಲೆಯ ಮೇಲೆ ಹೊತ್ತು ತರುತ್ತಿದ್ದವರು ಮನುಷ್ಯರು, ಕೆಲವೇ ಜಾತಿಗಳಿಗೆ ಕಟ್ಟಿಹಾಕಿದ ಕೆಲಸ. ಒಣ ಕಕ್ಕಸನ್ನೂ ಆ ಕೆಲಸವನ್ನೂ 1993ರ, 2013ರ ಕಾಯಿದೆಗಳು ನಿಷೇಧಿಸಿವೆ. ಹಸಿಕಸದ ಮಟ್ಟಿಗೆ ಪದ್ಧತಿ ಇಂದಿಗೂ ಆಗುತ್ತದೆ, ಮಲದ ಬದಲು ಸೆಗಣಿ ನೀರು ಹಾಕಿ.

ನಮ್ಮ ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ದಿನಕ್ಕೆ ಸಾವಿರಾರು ಜನ. ಹಳೆಯ ಜಾತ್ರೆ ನಿಯಮಗಳಿಂದ ಏನಾದರೂ ಕಲಿಯಬಹುದೇ? — ಬೇಳ

ಅಂದಿನ ತಾತ್ಕಾಲಿಕ ಕಕ್ಕಸಿನ ಲೆಕ್ಕ 100 ಜನಕ್ಕೆ 10–12 ಅಡಿ ಉದ್ದ, 1 ಅಡಿ ಅಗಲ, 3ರಿಂದ 5 ಅಡಿ ಆಳದ ಕಣಿ, ಬಳಸಿದವರೇ ಮಣ್ಣೆಳೆಯಲು ಪಕ್ಕದಲ್ಲಿ ಮಣ್ಣು ಮತ್ತು ಸಲಿಕೆ. ಈಗ ಬಾಡಿಗೆ ಕಕ್ಕಸು ಸಿಗುವುದರಿಂದ ಕಣಿ ಬೇಡ. ಆದರೆ ಬಾಡಿಗೆಯವರು ಟ್ಯಾಂಕನ್ನು ಎಲ್ಲಿ ಖಾಲಿ ಮಾಡುತ್ತಾರೆಂದು ಮೊದಲೇ ಕೇಳಿ, ರಾತ್ರಿ ತೋಡಿಗೆ ಬಿಡುವವರಿದ್ದಾರೆ. ಬೆಲ್ಲನೀರು, ಮಜ್ಜಿಗೆ, ಶರಬತ್ತಿನ ನೀರು ಕುದಿಸಿ ಆರಿಸಿದ್ದೇ ಆಗಬೇಕು. ಕೈತೊಳೆಯುವ, ಪಾತ್ರೆಯ ಟ್ಯಾಂಕಿಗೆ 1,000 ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ ತಿಳಿ ಹಾಕಿ, ಒಂದು ಗಂಟೆ ಬಿಟ್ಟು ನಳ್ಳಿ ತೆರೆಯಿರಿ. ಟ್ಯಾಂಕರಿನಲ್ಲಿ ನೀರು ತರಿಸಿದರೆ ಪ್ರತಿ ಟ್ಯಾಂಕರಿಗೂ ಹಾಕಬೇಕು, ಬೆಳಿಗ್ಗೆ ಒಮ್ಮೆ ಹಾಕಿದ್ದು ಸಂಜೆಯ ಲೋಡಿಗೆ ಬಾರದು.

ಪುಡಿಯ ಡಬ್ಬಿ ತೆರೆದ ಮೇಲೆ ಎಷ್ಟು ದಿನ ಇಡಬಹುದು? — ಮುಳ್ಳೇರಿಯ

ದಿನದ ಲೆಕ್ಕ ಹೇಳಲು ಬರುವುದಿಲ್ಲ, ಇಡುವ ಕ್ರಮದ ಮೇಲೆ ಹೋಗುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಕತ್ತಲು, ತಂಪು, ಒಣ ಜಾಗ. ಬಚ್ಚಲಿನ ಅಟ್ಟದಲ್ಲಿ ಬೇಡ, ಕಬ್ಬಿಣದ ಡಬ್ಬಿ ಬೇಡ, ಸೀಮೆಎಣ್ಣೆ ಅಥವಾ ಗೊಬ್ಬರದ ಪಕ್ಕ ಖಂಡಿತ ಬೇಡ. ಪುಡಿ ಮುದ್ದೆಗಟ್ಟಿ, ಮೂಗಿಗೆ ಹೊಡೆಯುವ ವಾಸನೆ ಕಡಿಮೆಯಾಗಿದ್ದರೆ ಬಾವಿಗೆ ಹಾಕಬೇಡಿ, ಅಂಗಳದ ಪಾಚಿ ತಿಕ್ಕಲು ಬಳಸಿ.